ಸ್ತುತಿಗಾನಕ್ಕೆ ಬೆಲೆ ತೆತ್ತವರು

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯನ್ನು ನೋಡದವರು ನಮ್ಮಲ್ಲಿ ಕಡಿಮೆ. ಅಲ್ಲಿನ ವೀರಭದ್ರ ಗುಡಿಯ ಗೋಡೆಯ ಮೇಲೆ ಎರಡು ಕೆಂಪು ಕಲೆಗಳಿವೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಈ ಗುಡಿ ಕಟ್ಟಿಸಿದ ವಿರುಪಣ್ಣ ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಖರ್ಚು ಮಾಡಿದನೆಂಬ ಆರೋಪ ಬಂತಂತೆ. ಅರಸನ ಶಿಕ್ಷೆಗೆ ಕಾಯದೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಇದು ಐತಿಹ್ಯ. ಆದರೂ ತಲೆಮಾರುಗಳಿಂದ ಅದನ್ನು ಹೇಳಿಕೊಂಡು ಬಂದ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದಿರಲೇಬೇಕು: ದೇವರ ಮನೆಯ ಈ ಸೊಬಗಿಗೆ ಬೆಲೆ ತೆತ್ತವರು ಯಾರು? ನಾಟ್ಯಮಂಟಪದ ಕಂಬಗಳಲ್ಲಿ ವಾದ್ಯಗಾರರನ್ನೂ ನರ್ತಕಿಯರನ್ನೂ ಕಂಡು ಬೆರಗಾದವರು ಆ ಗೋಡೆಯ ಮುಂದೆಯೂ ಒಂದು ಗಳಿಗೆ ನಿಲ್ಲುತ್ತಾರೆ.

ಅದೇ ಪ್ರಶ್ನೆಯನ್ನು ನಮ್ಮದೇ ಧರ್ಮಸಭೆಯ ಸಂಗೀತದ ಬಗ್ಗೆ ಕೇಳಿನೋಡೋಣ. ಕ್ರಿಸ್ಮಸ್ ಹತ್ತಿರವಾದಂತೆ ಗಾನವೃಂದದ ಯುವಜನರು ಮೊಬೈಲಿನಲ್ಲಿ ವಿವಾಲ್ಡಿಯ ‘ಗ್ಲೋರಿಯಾ’ ಕೇಳುವುದುಂಟು. ಕೇಳಬೇಕಾದದ್ದೇ, ಅಷ್ಟು ಹರ್ಷ ತುಂಬಿದ ಸ್ತುತಿಗೀತೆ ಅಪರೂಪ. ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗೆ ಬೆಳೆದ ಈ ಬಗೆಯ ಸಂಗೀತಕ್ಕೆ ‘ಬರೋಕ್’ ಎಂದು ಹೆಸರು. ಸೊಟ್ಟ ಮುತ್ತು ಎಂಬರ್ಥದ ಪೋರ್ಚುಗೀಸ್ ಪದದಿಂದ ಅದು ಬಂದಿತೆನ್ನುತ್ತಾರೆ. ಅತಿ ಅಲಂಕಾರವೆಂದು ಹಳಿಯುವುದಕ್ಕೆ ಬಳಸಿದ ಮಾತು ಹಾಗೆಯೇ ಹೆಸರಾಗಿ ನಿಂತಿತು.

ಅದರ ಹಿನ್ನೆಲೆ ನಮಗೆ ತೀರ ಹೊಸದಲ್ಲ. ಪ್ರೊಟೆಸ್ಟಂಟ್ ಒಡಕಿನ ನಂತರ ಸೇರಿದ ಟ್ರೆಂಟ್ ಮಹಾಸಭೆ (1545–1563) ಪೂಜೆಯ ಸಂಗೀತದಲ್ಲಿ ಲೌಕಿಕ ಚಪಲಕ್ಕೆ ಎಡೆಯಿರಬಾರದೆಂದಿತು. ಮುಂದಿನ ತಲೆಮಾರುಗಳಲ್ಲಿ ಧರ್ಮಸಭೆ ವಿಶ್ವಾಸಿಗಳ ಹೃದಯವನ್ನು ಕಣ್ಣು ಕಿವಿಗಳ ಮೂಲಕ ಮುಟ್ಟಲು ಹೊರಟಿತು. ಕಾರ್ಡಿನಲರೂ ಅರಸರೂ ಹಣ ಸುರಿದರು. ಸಂಗೀತಗಾರ ಅರಮನೆಯ ಇಲ್ಲವೇ ದೇವಾಲಯದ ಸಂಬಳದ ಆಳಾಗಿ ಬಾಳಿದ. ಹಾಡಿನ ಕಟ್ಟಡವೂ ಬದಲಾಯಿತು. ನಮ್ಮ ತಂಬೂರಿ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಬರೋಕ್ ಸಂಗೀತದ ಮಂದ್ರದ ಸಾಲು ಮೊದಲಿನಿಂದ ಕೊನೆಯವರೆಗೆ ಬಿಡದೆ ನಡೆಯುತ್ತದೆ. ಅದರ ಕೆಳಗೆ ಬರೆದ ಅಂಕಿಗಳನ್ನು ನೋಡಿ ಆರ್ಗನ್ ನುಡಿಸುವವರು ಮೇಲಿನ ಸ್ವರಗಳನ್ನು ತಾವೇ ತುಂಬುತ್ತಾರೆ. ಒಮ್ಮೆ ಒಂಟಿ ದನಿ, ಮರುಕ್ಷಣ ಇಡೀ ಮೇಳ. ಒಮ್ಮೆ ಮೆಲ್ಲಗೆ, ಮತ್ತೆ ಗಟ್ಟಿಯಾಗಿ. ಗಾಯಕರು ಹಾಡಿನ ಮೊದಲ ಭಾಗಕ್ಕೆ ಮರಳಿದಾಗ, ನಮ್ಮ ಕಛೇರಿಯಲ್ಲಿ ಪಲ್ಲವಿಗೆ ಸಂಗತಿ ಹಾಕುವಂತೆ, ಹೊಸ ಹೊಸ ಅಲಂಕಾರ ಸೇರಿಸುತ್ತಾರೆ. ಪಿಟೀಲು ಮೆರೆದದ್ದೂ ಆ ಕಾಲದಲ್ಲಿಯೇ. 1800ರ ಸುಮಾರಿಗೆ ನಮ್ಮ ದಕ್ಷಿಣದ ವಿದ್ವಾಂಸರು ಅದನ್ನು ಕೈಗೆತ್ತಿಕೊಂಡು ನೆಲದ ಮೇಲೆ ಕುಳಿತು ನುಡಿಸತೊಡಗಿದರು. ಇಂದು ಅದು ಪರದೇಶದ್ದೆಂದು ಯಾರಿಗೂ ಅನಿಸುವುದಿಲ್ಲ.

ಇಷ್ಟು ಅಲಂಕಾರ ತಾರಸ್ಥಾಯಿಯಲ್ಲಿ ಮೆರೆಯಬೇಕಾದರೆ ಎತ್ತರದ ದನಿಗಳು ಬೇಕು. ಹೆಣ್ಣುಮಕ್ಕಳ ಗಂಟಲು ಅದಕ್ಕೆ ಹೇಳಿಸಿದ್ದು. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ ಮಾತಿದೆಯಲ್ಲ, ಅದನ್ನು ಹಾಡಿಗೂ ಅನ್ವಯಿಸಿ ರೋಮಿನ ಗಾನವೃಂದಗಳಿಂದ ಅವರನ್ನು ಹೊರಗಿಟ್ಟಿದ್ದರು. ಗಂಡುಮಕ್ಕಳ ದನಿಯೋ, ಕೆಲವೇ ವರ್ಷಗಳಲ್ಲಿ ಒಡೆದುಹೋಗುತ್ತದೆ. ಆಗ ಹಿಡಿದ ದಾರಿ ಹೇಳಲೂ ಸಂಕಟವಾಗುವಂಥದ್ದು. ಚೆನ್ನಾಗಿ ಹಾಡುವ ಹುಡುಗರ ದನಿ ಒಡೆಯದಂತೆ ಎಳವೆಯಲ್ಲೇ ಬೀಜ ತೆಗೆಸಿಬಿಡುತ್ತಿದ್ದರು. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಥ ಗಾಯಕರು ಜಗದ್ಗುರುಗಳ ಪ್ರಾರ್ಥನಾಲಯದಲ್ಲೇ ಹಾಡುತ್ತಿದ್ದರು. ಹೆಚ್ಚಿನವರು ಬಡವರ ಮಕ್ಕಳು. ಫಾರಿನೆಲ್ಲಿಯಂತೆ ಸ್ಪೇನಿನ ಅರಸನ ಆಸ್ಥಾನ ಸೇರಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರ ಹೆಸರೂ ನಮಗೆ ಉಳಿದಿಲ್ಲ.

1770ರಲ್ಲಿ ಚಾರ್ಲ್ಸ್ ಬರ್ನಿ ಎಂಬ ಇಂಗ್ಲಿಷ್ ವಿದ್ವಾಂಸರು ಇಟಲಿಯಲ್ಲಿ ತಿರುಗುತ್ತಾ, ಈ ಕೆಲಸ ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿದರು. ಮಿಲಾನಿನವರು ವೆನಿಸಿನತ್ತ ಕೈತೋರಿದರು, ವೆನಿಸಿನವರು ಬೊಲೋನ್ಯದತ್ತ, ಅವರು ಫ್ಲಾರೆನ್ಸಿನತ್ತ. ಎಲ್ಲ ಊರಿಗೂ ಆ ಹಾಡು ಬೇಕು, ಆ ಕತ್ತಿ ಮಾತ್ರ ಪಕ್ಕದ ಊರಿನದು. ಈ ಸಂಗತಿ ನಮ್ಮನ್ನು ಆ ಶಸ್ತ್ರಕ್ರಿಯೆಗಿಂತಲೂ ಹೆಚ್ಚು ಕಲಕುತ್ತದೆ. ಯಾಕೆಂದರೆ ಕೇಳಿ ಕಣ್ಣೀರಿಟ್ಟ ಭಕ್ತರು ಕ್ರೂರಿಗಳಾಗಿರಲಿಲ್ಲ. ದೇವರಿಗೆ ಸಲ್ಲುವುದು ಅತ್ಯುತ್ತಮವಾಗಿರಬೇಕು ಎಂಬ ಅವರ ಭಾವನೆ ಪ್ರಾಮಾಣಿಕವೇ.

ಇದು ಬಹಳ ಹಿಂದಿನ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಈ ಪರಂಪರೆಯ ಕೊನೆಯ ಗಾಯಕರಲ್ಲೊಬ್ಬರಾದ ಅಲೆಸ್ಸಾಂದ್ರೊ ಮೊರೆಸ್ಕಿ ತೀರಿಕೊಂಡದ್ದು 1922ರಲ್ಲಿ. ಅವರ ದನಿ ಗ್ರಾಮಫೋನ್ ತಟ್ಟೆಯಲ್ಲಿ ಇಂದಿಗೂ ಉಳಿದಿದೆ. 1903ರಲ್ಲಿ ಜಗದ್ಗುರು ಹತ್ತನೇ ಭಕ್ತಿನಾಥರು, ಅಂದರೆ ಸಂತ ಹತ್ತನೇ ಪಯಸ್, ಹೊರಡಿಸಿದ ಸಂಗೀತದ ಆದೇಶ ಎತ್ತರದ ದನಿಗೆ ಬಾಲಕರನ್ನೇ ಬಳಸಬೇಕೆಂದಿತು. ಹೆಣ್ಣುಮಕ್ಕಳಿಗೆ ಆಗಲೂ ಗಾನವೃಂದದ ಬಾಗಿಲು ತೆರೆಯಲಿಲ್ಲ. ನಮ್ಮ ಗಾನವೃಂದಗಳಲ್ಲಿ ಇಂದು ಮುಕ್ಕಾಲು ಪಾಲು ಅವರೇ ಇರುವುದನ್ನು ನೋಡುವಾಗ ಇದು ನಂಬಲಾರದ ಮಾತಿನಂತಿದೆ.

ಹಾಗಾದರೆ ಆ ಸಂಗೀತವನ್ನು ಕೇಳುವುದೇ ಪಾಪವೇ? ನಮಗೆ ಹಾಗೆನಿಸುವುದಿಲ್ಲ. ವಿವಾಲ್ಡಿ ಸ್ವತಃ ಗುರುಗಳು. 1703ರಲ್ಲಿ ಅಭಿಷೇಕವಾದ ವರ್ಷವೇ ವೆನಿಸಿನ ಪಿಯೆತಾ ಅನಾಥಾಶ್ರಮದಲ್ಲಿ ಪಿಟೀಲು ಕಲಿಸಲು ಸೇರಿದರು. ‘ಗ್ಲೋರಿಯಾ’ವನ್ನು ಹಾಡಿದವರು ತಾಯ್ತಂದೆಯರು ಬಿಟ್ಟುಹೋದ ಹೆಣ್ಣುಮಕ್ಕಳು. ಜನರ ಕಣ್ಣಿಗೆ ಬೀಳದಂತೆ ಜಾಲರಿಯ ಹಿಂದೆ ನಿಂತು ಹಾಡಿದರು. ಅವರಿಗೆ ಅನ್ನ, ವಿದ್ಯೆ, ಕೀರ್ತಿ ದೊರೆತದ್ದು ನಿಜ, ಜಾಲರಿಯೂ ನಿಜ. ಹಾಡನ್ನು ಎಸೆದುಬಿಟ್ಟರೆ ಅವರನ್ನು ಎರಡನೆಯ ಸಲ ಮೌನವಾಗಿಸಿದಂತಾಗುತ್ತದೆ. ಅವರನ್ನು ನೆನೆಯುತ್ತ ಕೇಳುವುದು ಲೇಸು. ಆದರೆ ಮಾಡಿದವರು ಕೊಟ್ಟ ಸಮರ್ಥನೆಯನ್ನು ಒಪ್ಪಿಕೊಳ್ಳುವುದು ಬೇರೆ ಮಾತು. ಅನ್ಯಾಯದ ನಡುವೆ ಹಾಡುವ ಹಾಡು ದೇವರಿಗೆ ಬರೀ ಗದ್ದಲವೆಂದು ಪ್ರವಾದಿ ಆಮೋಸನು ಸಾರಿದ್ದು ಚೆನ್ನಾಗಿ ಹಾಡಲು ಬಾರದವರಿಗೆ ಅಲ್ಲ.

ಆ ಸಮರ್ಥನೆ ನಮ್ಮಿಂದಲೂ ಬಹಳ ದೂರವಿಲ್ಲ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಧರ್ಮಪ್ರಾಂತ್ಯ ಮಾತ್ರ ಎರಡಕ್ಕೂ ಒಂದೇ. ಎರಡೂ ಕಡೆ ನಮ್ಮ ಮನೆಮಾತು ಕನ್ನಡ, ಸಂತೆಯಲ್ಲೂ ದೇವಾಲಯದಲ್ಲೂ ತೆಲುಗು. ತೆಲುಗು ಬಂಧುಗಳು ನಮ್ಮನ್ನು ದೂರವಿಟ್ಟವರಲ್ಲ. ಆ ಹಾಡುಗಳೂ ನಮ್ಮ ಬಾಯಿಪಾಠವೇ. ಆದರೆ ಹಬ್ಬದ ದಿನ ಕೀಬೋರ್ಡು, ಪ್ಯಾಡು, ನಾಲ್ಕು ಮೈಕು ಬಂದಾಗ ಏನಾಗುತ್ತದೆ ನೋಡಿ. ಬೆಂಗಳೂರಿನ ಧ್ವನಿಮುದ್ರಿಕೆಯಲ್ಲಿರುವ ಎತ್ತರದ ಶ್ರುತಿಯಲ್ಲೇ ಕನ್ನಡ ಹಾಡು ಏಳುತ್ತದೆ. ಅಜ್ಜಿಯಂದಿರು ಒಂದು ಸಾಲು ಹಿಂಬಾಲಿಸಿ ಸುಮ್ಮನಾಗುತ್ತಾರೆ. ಎಳೆದು ಹಾಡುವವರಿಗೆ, “ಅಮ್ಮ, ತಾಳ ತಪ್ಪುತ್ತೆ, ನೀವು ಮನಸ್ಸಲ್ಲೇ ಹಾಡಿಕೊಳ್ಳಿ” ಎಂಬ ಮೆಲುದನಿಯ ಸಲಹೆಯೂ ಬರುತ್ತದೆ. ವರ್ಷಕ್ಕೆ ಕೆಲವೇ ಸಲ ಸ್ವಂತ ಭಾಷೆಯಲ್ಲಿ ಹಾಡುವ ಅವಕಾಶವಿರುವವರಿಗೆ ಈ ಮಾತು!

ಆ ಹುಡುಗರ ನೋವಿಗೂ ಇದಕ್ಕೂ ಹೋಲಿಕೆಯೇ ಎಂದು ಕೇಳಬಹುದು. ನೋವಿಗೆ ಹೋಲಿಕೆಯಿಲ್ಲ. ವಾದ ಮಾತ್ರ ಅದೇ: ದೇವರಿಗಾಗಿ ಸೊಗಸಾಗಬೇಕು, ಆದ್ದರಿಂದ ಸೊಗಸಿಗೆ ಹೊಂದದವರು ಸರಿದುಕೊಳ್ಳಲಿ. ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ದೈವಾರಾಧನೆಯ ಸಂವಿಧಾನ ಗಾನವೃಂದಗಳನ್ನು ಬೆಳೆಸಿ ಎನ್ನುತ್ತದೆ. ಅದೇ ಉಸಿರಿನಲ್ಲಿ ಇಡೀ ಸಭೆ ತನ್ನ ಪಾಲನ್ನು ಹಾಡುವಂತಿರಬೇಕು ಎನ್ನುತ್ತದೆ. ಪ್ರೇಷಿತ ನಾಡುಗಳ ಜನರ ಸ್ವಂತ ಸಂಗೀತಕ್ಕೆ ಗೌರವ ಸಲ್ಲಬೇಕೆಂದೂ ಹೇಳುತ್ತದೆ. ಇದು ತೀರ ಹೊಸ ಮಾತೂ ಅಲ್ಲ. ರೋಮಿನಲ್ಲಿ ಆ ಎತ್ತರದ ದನಿಗಳು ಮೆರೆಯುತ್ತಿದ್ದ ಕಾಲದಲ್ಲೇ, 1648ರಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ನಮ್ಮ ಹಿರಿಯರ ಬಾಯಿಂದ ಕನ್ನಡ ಕಲಿತು, ಅದಕ್ಕೊಂದು ವ್ಯಾಕರಣವನ್ನೇ ಬರೆದರು.

ಗಾನವೃಂದದ ದುಡಿಮೆ ನಮಗೆ ಗೊತ್ತು. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಅಭ್ಯಾಸಕ್ಕೆ ಬರುವವರು ಅವರು. ಅವರಲ್ಲಿ ಒಂದು ಸಣ್ಣ ವಿನಂತಿಯಿದೆ. ಆಗಮನ ಕಾಲದ ಮೊದಲ ಅಭ್ಯಾಸಕ್ಕೆ ಅಜ್ಜಿಯಂದಿರನ್ನೂ ಕರೆಯಿರಿ. ವಾದ್ಯವಿಲ್ಲದೆ ಅವರು ಒಂದು ಹಾಡನ್ನು ಎತ್ತಲಿ. ಅವರ ದನಿ ಎಲ್ಲಿ ನಿಲ್ಲುತ್ತದೆಂದು ಕೇಳಿಸಿಕೊಂಡು, ಆಮೇಲೆ ಕೀಬೋರ್ಡಿನ ಶ್ರುತಿ ಇಳಿಸುವ ಗುಂಡಿ ಒತ್ತಿ. ಎರಡು ಮನೆ ಇಳಿಸಿದರೆ ಸಾಕಾಗಬಹುದು, ಮೂರೂ ಬೇಕಾಗಬಹುದು.