ಅಂದಾಜುಪಟ್ಟಿಯ ಧರ್ಮ

ಬೆಲೆ ಎಂಬುದು ಒಂದು, ಅಂದಾಜು ಎಂಬುದು ಇನ್ನೊಂದು. ಅಂಗಡಿಯವನು ಒಂದು ಕಿಲೋ ಸಕ್ಕರೆಗೆ ಇಷ್ಟು ಎಂದರೆ ಅದು ಬೆಲೆ. ವಸ್ತು ಎದುರಿಗಿದೆ, ತಕ್ಕಡಿ ಎದುರಿಗಿದೆ, ಕೊಳ್ಳುವವನ ಕಣ್ಣೂ ಅಲ್ಲೇ ಇದೆ. ಅಂದಾಜು ಹಾಗಲ್ಲ. ಇನ್ನೂ ಮಾಡದ ಕೆಲಸಕ್ಕೆ, ಇನ್ನೂ ಪೂರ್ತಿಯಾಗಿ ಕಾಣದ ಹಾನಿಗೆ, ಬಲ್ಲವನೊಬ್ಬ ಅರಿಯದವನೊಬ್ಬನಿಗೆ ಕೊಡುವ ಮಾತು ಅದು. ಮನೆ ಕಟ್ಟುವಾಗ, ಮದುವೆ ಮಾಡುವಾಗ ಅಂದಾಜಿನ ಬಿಸಿ ತಟ್ಟದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಅಂದಾಜಿನೊಳಗೆ ಅಡಗಿರುವ ನೀತಿಯ ಪ್ರಶ್ನೆ ಬಹಳ ಸ್ಪಷ್ಟವಾಗಿ ಕಾಣಸಿಗುವುದು, ತತ್ತ್ವಚಿಂತನೆಗೆ ಯೋಗ್ಯವೆಂದು ನಾವು ಎಣಿಸದ ಒಂದು ಸ್ಥಳದಲ್ಲಿ: ಮೋಟಾರು ಗ್ಯಾರೇಜಿನಲ್ಲಿ.

ಹೊರನಾಡಿನಲ್ಲಿ ನೆಲೆಸಿದ ನಮ್ಮವರಿಗೆ ಈ ಸ್ಥಳ ಅಪರಿಚಿತವೇನಲ್ಲ. ನಮ್ಮಲ್ಲಿ ಕೆಲವರು ವಿಮಾ ಕಂಪೆನಿಗಳಲ್ಲಿ ದುಡಿಯುವವರು. ಕೆಲವರು ಟ್ಯಾಕ್ಸಿ, ಟೆಂಪೋ ಓಡಿಸಿ ಸಂಸಾರ ಸಾಗಿಸುವವರು. ಕೆಲವರು ಸ್ವಂತ ಗ್ಯಾರೇಜು ಇಟ್ಟವರು. ಉಳಿದವರು ವರ್ಷಕ್ಕೊಮ್ಮೆಯಾದರೂ ಮಕ್ಕಳುಮರಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೋಗಿ ಬರುವವರು. ಮುಂಬಯಿಯ ಕುರ್ಲಾ, ದಿಲ್ಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಪುದುಪೇಟೆಗಳ ಬಿಡಿಭಾಗದ ಅಂಗಡಿಗಳ ಮುಂದೆ ನಿಂತು ಬೆಲೆ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದ್ದರಿಂದ ಈ ಪ್ರಶ್ನೆ ನಮ್ಮ ಮನೆಯದೇ.

ಎದುರಿನಿಂದ ಡಿಕ್ಕಿ ತಿಂದ ಕಾರೊಂದು ಗ್ಯಾರೇಜಿಗೆ ಬಂದಿದೆ ಎಂದುಕೊಳ್ಳೋಣ. ಬಂಪರು ಒಡೆದಿರುವುದು, ಬಾನೆಟ್ಟು ಮಡಚಿರುವುದು ಯಾರಿಗೂ ಕಾಣುತ್ತದೆ. ಬಂಪರಿನ ಹಿಂದಿನ ಪಟ್ಟಿ ಬಾಗಿದೆಯೇ, ರೇಡಿಯೇಟರು ಸೋರುತ್ತಿದೆಯೇ, ಚೌಕಟ್ಟು ಸ್ವಲ್ಪ ಸರಿದಿದೆಯೇ ಎಂಬುದು ಬಿಚ್ಚಿ ನೋಡುವ ತನಕ ಯಾರಿಗೂ ತಿಳಿಯದು. ಹಿಂದೆ ಮಿಸ್ತ್ರಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಕಾರ್ಬನ್ ಕಾಗದ ಇಟ್ಟ ಪುಸ್ತಕದಲ್ಲಿ ಒಂದು ಮೊತ್ತ ಗೀಚಿ ಕೊಡುತ್ತಿದ್ದ. ಈಗ ಅನೇಕ ಕಡೆ ಆ ಕೆಲಸಕ್ಕೆ ಸಾಫ್ಟ್‌ವೇರ್ ಬಂದಿದೆ. ವಾಹನದ ಮಾದರಿಯನ್ನೂ ವರ್ಷವನ್ನೂ ತಿಳಿಸಿದರೆ ಬಿಡಿಭಾಗಗಳ ಪಟ್ಟಿ, ಬೆಲೆಸಮೇತ, ಪರದೆಯ ಮೇಲೆ ಮೂಡುತ್ತದೆ. ಪ್ರತಿಯೊಂದು ಭಾಗದ ಮುಂದೆ ‘ಬದಲಿಸುವುದು’, ‘ರಿಪೇರಿ’, ‘ಬರೀ ಬಿಚ್ಚಿ ಕೂಡಿಸುವುದು’, ‘ಬಣ್ಣ’ ಎಂದು ಗುರುತು ಹಾಕಬೇಕು. ಭಾಗಗಳ ಬೆಲೆ, ಕೂಲಿಯ ಗಂಟೆಗಳು, ಬಣ್ಣದ ಖರ್ಚು, ತೆರಿಗೆ ಇವೆಲ್ಲವನ್ನೂ ಅದು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸುತ್ತದೆ. ಬಂಪರನ್ನು ಒಂದು ಸಲ ಬಿಚ್ಚಿದರೆ ಎರಡು ಕೆಲಸಕ್ಕೂ ಸಾಕಾಗುವಾಗ, ಬಿಚ್ಚುವ ಕೂಲಿಯನ್ನು ಎರಡು ಸಲ ಹಿಡಿಯದಂತೆ ಎಚ್ಚರಿಸುವ ಸಾಫ್ಟ್‌ವೇರುಗಳೂ ಇವೆ. ಹಾನಿಯ ಛಾಯಾಚಿತ್ರಗಳು ಪಟ್ಟಿಯ ಜೊತೆಗೇ ಉಳಿಯುತ್ತವೆ. ಒಳ್ಳೆಯ ವ್ಯವಸ್ಥೆಯಾದರೆ, ಪಟ್ಟಿ ತಿದ್ದಿದಾಗಲೆಲ್ಲ ಹಳೆಯದು ಅಳಿಯುವುದಿಲ್ಲ. ಯಾರು ಯಾವಾಗ ತಿದ್ದಿದರು ಎಂಬುದೂ ದಾಖಲಾಗುತ್ತದೆ.

ಇಷ್ಟೆಲ್ಲ ಇದ್ದರೂ ಗ್ಯಾರೇಜಿನಲ್ಲಿ ನಮಗೆ ಎದುರಾಗುವ ಮೊದಲ ಪ್ರಶ್ನೆ ಬದಲಾಗಿಲ್ಲ: “ಇನ್ಶೂರೆನ್ಸ್ ಇದೆಯೇ?” ಈ ಪ್ರಶ್ನೆಯಲ್ಲಿ ತಪ್ಪಿಲ್ಲ. ವಿಮೆ ಇದ್ದರೆ ಕಂಪೆನಿಗೆ ಸುದ್ದಿ ಮುಟ್ಟಿಸಬೇಕು, ಸರ್ವೇಯರು ಬಂದು ನೋಡುವ ಮುನ್ನ ಬಿಚ್ಚಬಾರದು, ಕಾಗದಪತ್ರ ಒದಗಿಸಬೇಕು. ತಪ್ಪು ಆರಂಭವಾಗುವುದು, ಉತ್ತರ ಕೇಳಿದ ಮೇಲೆ ಅಂಕಿ ಬದಲಾದಾಗ. ಅದೇ ಬಾಗಿಲು, ಅದೇ ತಗ್ಗು; ನಮ್ಮ ಜೇಬಿನಿಂದ ಕೊಡುವುದಾದರೆ ಒಂದು ಮೊತ್ತ, ಕಂಪೆನಿ ಕೊಡುವುದಾದರೆ ಇನ್ನೊಂದು ಮೊತ್ತ. ತಗಡಿನ ಗಾಯಕ್ಕೆ ಹಣ ಯಾರದೆಂದು ಗೊತ್ತಿಲ್ಲ. ಹಾಗಿದ್ದಮೇಲೆ ಆ ಎರಡು ಅಂಕಿಗಳಲ್ಲಿ ಒಂದಾದರೂ ಸುಳ್ಳೇ ಇರಬೇಕು.

ಈ ಸುಳ್ಳಿನಿಂದ ಯಾರಿಗೆ ನೋವಾಯಿತು? ನಾವು ವಿಚಾರಿಸಬೇಕಾದ ಪ್ರಶ್ನೆ ಇದು. ಕಂಪೆನಿಗೆ ಮುಖವಿಲ್ಲ, ಕಣ್ಣೀರಿಲ್ಲ. ಅದಕ್ಕೇ ಸಜ್ಜನರೂ ಇಲ್ಲಿ ಜಾರುತ್ತಾರೆ. ಅವರು ಕೊಡುವ ಸಮಾಧಾನಗಳನ್ನು ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

ಮೊದಲನೆಯದು: “ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೇವೆ ಮಾರಾಯ್ರೇ, ಒಂದು ಪೈಸೆ ವಾಪಸು ಬಂದಿಲ್ಲ.” ಮಾತು ಹೃದಯಕ್ಕೆ ತಟ್ಟುತ್ತದೆ. ಆದರೆ ವಿಮೆ ಉಳಿತಾಯದ ಡಬ್ಬಿಯಲ್ಲ. ಅಪಘಾತವಾಗದ ವರ್ಷದಲ್ಲೂ ನಾವು ಕೊಂಡ ಸರಕು ನಮಗೆ ಸಂದಿದೆ. ಆ ಸರಕಿನ ಹೆಸರು ನಿಶ್ಚಿಂತೆ. ಕ್ಲೇಮು ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 20ರಿಂದ ಆರಂಭಿಸಿ 50ರ ತನಕ ರಿಯಾಯಿತಿಯೂ ಸಿಗುತ್ತದೆ. ನಷ್ಟವನ್ನು ತುಂಬಿಕೊಡುವುದು ವಿಮೆಯ ಕೆಲಸ. ನಷ್ಟದಿಂದ ಲಾಭ ಮಾಡಿಕೊಡುವುದು ಅಲ್ಲ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರು ಕಾರ್ಟರ್ ಮತ್ತು ಬೋಮ್ ಎಂಬವರ ನಡುವಿನ ಮೊಕದ್ದಮೆಯಲ್ಲಿ, ವಿಮೆಯ ಕರಾರು ನಿಂತಿರುವುದೇ ಪರಸ್ಪರ ವಿಶ್ವಾಸದ ಮೇಲೆ ಎಂಬ ತತ್ತ್ವವನ್ನು ವಿವರಿಸಿದರು. ಆ ಕಟ್ಟು ಇಬ್ಬರಿಗೂ ಇದೆ ಎಂಬುದನ್ನು ಮರೆಯಬಾರದು. ನ್ಯಾಯವಾದ ಕ್ಲೇಮನ್ನು ಸತಾಯಿಸುವ ಕಂಪೆನಿಯೂ ಅದೇ ವಿಶ್ವಾಸಕ್ಕೆ ದ್ರೋಹ ಮಾಡುತ್ತದೆ. ಆದರೆ ಒಬ್ಬರ ದ್ರೋಹ ಇನ್ನೊಬ್ಬರ ಪರವಾನಗಿಯಾಗಲಾರದು.

ಎರಡನೆಯದು: “ಸರ್ವೇಯರು ಹೇಗೂ ಕಡಿತ ಮಾಡುತ್ತಾರೆ, ಅದಕ್ಕೇ ಮೊದಲೇ ಏರಿಸಿ ಬರೆಯುತ್ತೇವೆ.” ಈ ಸಮಾಧಾನ ಎಲ್ಲಕ್ಕಿಂತ ಅಪಾಯಕಾರಿಯೆಂದು ನಮಗೆ ತೋರುತ್ತದೆ. ಗ್ಯಾರೇಜಿನವನು ಏರಿಸುತ್ತಾನೆಂದು ಸರ್ವೇಯರು ಕತ್ತರಿಸುತ್ತಾರೆ. ಸರ್ವೇಯರು ಕತ್ತರಿಸುತ್ತಾರೆಂದು ಗ್ಯಾರೇಜಿನವನು ಏರಿಸುತ್ತಾನೆ. ಇಬ್ಬರಿಗೂ ಆಟ ಗೊತ್ತಿರುವುದರಿಂದ ಇಬ್ಬರಿಗೂ ನಷ್ಟವಿಲ್ಲ. ಈ ಆಟದಲ್ಲಿ ಸೋಲುವವನು ಒಬ್ಬನೇ: ಇದ್ದದ್ದನ್ನು ಇದ್ದಂತೆ ಬರೆದವನು. ಅವನ ಸತ್ಯವಾದ ಅಂಕಿಗೂ ಅಭ್ಯಾಸಬಲದಿಂದ ಕತ್ತರಿ ಬೀಳುತ್ತದೆ. ಸುಳ್ಳಿನ ನಿಜವಾದ ಬಲಿ ಕಂಪೆನಿಯ ಖಜಾನೆಯಲ್ಲ. ಪ್ರಾಮಾಣಿಕನಾಗಿ ಬದುಕಲು ತಗಲುವ ಖರ್ಚನ್ನೇ ಅದು ಏರಿಸಿಬಿಡುತ್ತದೆ. ಮುಖವಿಲ್ಲದ ಕಂಪೆನಿಗೆ ಹೇಳಿದ ಸುಳ್ಳು ಕೊನೆಗೆ ತಟ್ಟುವುದು, ಪಕ್ಕದ ಗಲ್ಲಿಯಲ್ಲಿ ಷಟರು ಎತ್ತಿ ಕುಳಿತ ಮನುಷ್ಯನಿಗೇ.

ಮೂರನೆಯ ಸಮಾಧಾನದಲ್ಲಿ ನಿಜವಾದ ಸಂಕಟವಿದೆ. ಸಾಮಾನ್ಯ ಪಾಲಿಸಿಯಲ್ಲಿ ಬಿಡಿಭಾಗದ ಪೂರ್ತಿ ಬೆಲೆ ಸಿಗುವುದಿಲ್ಲ. ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿಯೆಂದು ಶೇಕಡಾ 50 ಕಳೆಯುತ್ತಾರೆ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ ಕಡಿತ ಏರುತ್ತದೆ. 5 ವರ್ಷ ದಾಟಿದರೆ ಶೇಕಡಾ 40, 10 ವರ್ಷ ದಾಟಿದರೆ 50. ಪ್ಲಾಸ್ಟಿಕ್ ಬಂಪರಿನ ಬೆಲೆ 8,000 ರೂಪಾಯಿ ಎಂದುಕೊಂಡರೆ 4,000 ನಮ್ಮ ತಲೆಗೆ. ಅದರ ಮೇಲೆ, 1,500 ಸಿ.ಸಿ. ತನಕದ ಖಾಸಗಿ ಕಾರಾದರೆ, ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ರೂಪಾಯಿ ಬೇರೆ. ಅರ್ಧ ಬಂಪರು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಹಳೆಯ ಗಾಡಿಯಿಂದಲೇ ಹೊಟ್ಟೆ ಹೊರೆಯುವ ಚಾಲಕನಿಗೆ ಈ ಲೆಕ್ಕ ಕ್ರೂರವಾಗಿ ಕಂಡರೆ ಆಶ್ಚರ್ಯವಿಲ್ಲ. ಆಗ ಗ್ಯಾರೇಜಿನವನು ಕೂಲಿಯ ಗಂಟೆಗಳನ್ನು ಏರಿಸಿ, ಆಗದ ಹಾನಿಯನ್ನು ಸೇರಿಸಿ, ಚಾಲಕನ ಪಾಲನ್ನು ಸರಿದೂಗಿಸಿ ಕೊಡುತ್ತಾನೆ. ಅದೂ ನಮ್ಮೂರಿನವನು, ನಮ್ಮ ಭಾಷೆಯವನು ಎಂದ ಮೇಲೆ ಕೈ ಇನ್ನಷ್ಟು ಧಾರಾಳವಾಗುತ್ತದೆ. ಮೊನ್ನೆಯ ಅಪಘಾತದ ಪಟ್ಟಿಯೊಳಗೆ ಹೋದ ವರ್ಷದ ಗೀರೂ ನುಸುಳುತ್ತದೆ.

ಇದನ್ನು ದಯೆಯೆನ್ನಬೇಕೇ? ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ದಯೆ ತೋರಬೇಕಾದವನು ತನ್ನ ಚೀಲದ ಬಾಯಿ ಬಿಚ್ಚಬೇಕು. ತನ್ನ ಕೂಲಿಯಲ್ಲಿ ಸ್ವಲ್ಪ ಬಿಡಬಹುದು. ಹಣವನ್ನು ಎರಡು ಕಂತಿನಲ್ಲಿ ಪಡೆಯಬಹುದು. ಬದಲಿಸುವ ಬದಲು ತಟ್ಟಿ ಸರಿಪಡಿಸಬಹುದು. ಗಾಡಿಯವನ ಒಪ್ಪಿಗೆ ಪಡೆದು, ಸುರಕ್ಷತೆಗೆ ಧಕ್ಕೆಯಿಲ್ಲದ ಕಡೆ ಬಳಸಿದ ಭಾಗವನ್ನು ಹಾಕಬಹುದು. ಚೆಂದಕ್ಕಾಗಿ ಮಾತ್ರ ಇರುವ ಕೆಲಸವನ್ನು ಮುಂದಕ್ಕೆ ಹಾಕೆಂದು ಸಲಹೆ ಕೊಡಬಹುದು. ಇವುಗಳಲ್ಲಿ ಪ್ರತಿಯೊಂದಕ್ಕೂ ಗ್ಯಾರೇಜಿನವನು ಏನಾದರೂ ತೆರಬೇಕಾಗುತ್ತದೆ. ಅಂಕಿ ಏರಿಸುವುದಕ್ಕೆ ಅವನು ಏನೂ ತೆರಬೇಕಾಗಿಲ್ಲ. ಎರಡರ ಅಂತರ ಇಲ್ಲೇ ಇದೆ. ಸವಕಳಿಯ ನಿಯಮ ಅನ್ಯಾಯವೆನಿಸಿದರೆ, ಹೆಚ್ಚು ಪ್ರೀಮಿಯಂ ಕೊಟ್ಟು ಸವಕಳಿ ಕಳೆಯದ ಪಾಲಿಸಿ ಪಡೆಯುವ ದಾರಿ ಕೆಲವರಿಗಿದೆ. ಹಳೆಯ ಗಾಡಿಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ ಎಂಬುದೂ ನಿಜ. ಆ ಅನ್ಯಾಯದ ವಿರುದ್ಧ ಬಹಿರಂಗವಾಗಿ ದನಿಯೆತ್ತಬೇಕು. ಗುಟ್ಟಾಗಿ ಅಂಕಿ ತಿದ್ದಿದರೆ ಅನ್ಯಾಯ ಅಲ್ಲೇ ಉಳಿಯುತ್ತದೆ, ಅದರ ಜೊತೆಗೆ ಇನ್ನೊಂದು ಸೇರುತ್ತದೆ.

ಅಂಕಿಯೊಂದರ ಭಾರ ಎಷ್ಟೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡಬಹುದು. ರಿಪೇರಿಯ ಖರ್ಚು ಪಾಲಿಸಿಯಲ್ಲಿ ನಮೂದಿಸಿದ ವಾಹನದ ಮೌಲ್ಯದ ಶೇಕಡಾ 75ನ್ನು ಮೀರಿದರೆ ವಾಹನವೇ ನಾಶವಾದಂತೆ ಎಂದು ಎಣಿಸುವುದು ನಮ್ಮ ದೇಶದ ರೂಢಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಕಂಡವರು ಬಲ್ಲರು: ಹೊರಗೆ ಒಂದು ಗೀರೂ ಇಲ್ಲದ ಗಾಡಿಯ ಒಳಗೆ ಎಂಜಿನು, ತಂತಿ, ಆಸನ ಎಲ್ಲ ಹಾಳಾಗಿರಬಹುದು. ಅಂಥ ಗಾಡಿಯ ಅಂದಾಜು ಆ 75ರ ಗೆರೆಯ ಈಚೆಗಿದೆಯೇ, ಆಚೆಗಿದೆಯೇ ಎಂಬುದರ ಮೇಲೆ ಒಂದು ಸಂಸಾರದ ಗಾಡಿ ಉಳಿಯುವುದೋ ಗುಜರಿಗೆ ಹೋಗುವುದೋ ತೀರ್ಮಾನವಾಗುತ್ತದೆ. ಎರಡು ಸಾಲು ಸೇರಿಸಿದರೆ ಗೆರೆ ದಾಟುತ್ತದೆ, ಎರಡು ಸಾಲು ಬಿಟ್ಟರೆ ಈಚೆಗೆ ಉಳಿಯುತ್ತದೆ. ಆ ಬೆರಳಿನ ತುದಿಯಲ್ಲಿ ಎಂಥ ಅಧಿಕಾರ!

ಹಾಗಾದರೆ ಆ ಬೆರಳನ್ನು ಸಾಫ್ಟ್‌ವೇರ್ ಹಿಡಿದು ನಿಲ್ಲಿಸಲಾರದೇ? ಸ್ವಲ್ಪ ಮಟ್ಟಿಗೆ ನಿಲ್ಲಿಸುತ್ತದೆ. ಒಂದೇ ಕೂಲಿಯನ್ನು ಎರಡು ಸಲ ಹಿಡಿದರೆ, ಬೆಲೆಯನ್ನು ಮನಬಂದಂತೆ ತಿದ್ದಿದರೆ ಗುರುತು ಉಳಿಯುತ್ತದೆ. ಆದರೆ ತಗ್ಗಾದ ಫೆಂಡರನ್ನು ತಟ್ಟಿ ಸರಿಮಾಡಲು ಸಾಧ್ಯವೇ, ಬದಲಿಸಲೇಬೇಕೇ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ; ಅದು ಕೇಳುತ್ತದೆ, ಮನುಷ್ಯ ಗುರುತು ಹಾಕುತ್ತಾನೆ. ಹೊಸ ಭಾಗ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಕಮಿಶನ್ನೂ ದಕ್ಕುತ್ತದೆ. ತಟ್ಟಿ ಸರಿಮಾಡಲು ನುರಿತ ಕೈ ಬೇಕು, ತಾಳ್ಮೆ ಬೇಕು. ಒಮ್ಮೆ ‘ಬದಲಿಸುವುದು’ ಎಂದು ಒತ್ತಿದ ಮೇಲೆ ಮಾತ್ರ ಎಲ್ಲವೂ ಅಚ್ಚುಕಟ್ಟಾಗಿ ಮುದ್ರಿತವಾಗಿ ಬರುತ್ತದೆ, “ಕಂಪ್ಯೂಟರ್ ತೋರಿಸಿದ ದರ ಸಾರ್, ನಮ್ಮ ಕೈಯಲ್ಲೇನಿದೆ?” ಎಂದು ಹೇಳಲು ಅನುಕೂಲವಾಗುತ್ತದೆ. ಹಳೆಯ ಮಿಸ್ತ್ರಿ ಹೆಚ್ಚು ಹೇಳಿದರೂ ನಮ್ಮ ಮುಖ ನೋಡಿಯೇ ಹೇಳಬೇಕಾಗಿತ್ತು. ಈಗ ಪರದೆಯನ್ನು ನಮ್ಮ ಕಡೆ ತಿರುಗಿಸಿದರೆ ಸಾಕು. ಯಂತ್ರ ಲೆಕ್ಕವನ್ನು ಇಡಬಲ್ಲದು. ಮಾತನ್ನು ಉಳಿಸಿಕೊಳ್ಳಬೇಕಾದವನು ಮನುಷ್ಯನೇ.

ಏರಿಸುವುದರಂತೆ ಇಳಿಸುವುದೂ ಒಂದು ಮೋಸವೇ. ಗಿರಾಕಿಯನ್ನು ಸೆಳೆಯಲು ಮೊದಲು ಕಡಿಮೆ ಹೇಳಿ, ಗಾಡಿ ಬಿಚ್ಚಿಹಾಕಿದ ಮೇಲೆ ಒಂದೊಂದೇ ಸಾಲು ಸೇರಿಸುತ್ತ ಹೋಗುವವರಿದ್ದಾರೆ. ಬಿಚ್ಚಿದ ಮೇಲೆ ಪೂರಕ ಅಂದಾಜು ಕೊಡುವುದು ತಪ್ಪಲ್ಲ, ಅದು ಈ ವೃತ್ತಿಯ ಅನಿವಾರ್ಯ. ಕಾಣದ್ದನ್ನು ಕಾಣಲಿಲ್ಲ ಎನ್ನುವುದು ಬೇರೆ. ಕಂಡದ್ದನ್ನು ಮುಚ್ಚಿಟ್ಟು ಆಮೇಲೆ ಕಂಡಂತೆ ನಟಿಸುವುದು ಬೇರೆ. ಅದಕ್ಕೇ ಒಳ್ಳೆಯ ಅಂದಾಜುಪಟ್ಟಿಯಲ್ಲಿ ಎರಡು ಭಾಗಗಳಿರಬೇಕು: ಕಂಡಿರುವ ಹಾನಿ ಇಷ್ಟು, ಅದರ ಖರ್ಚು ಇಷ್ಟು, ಬಿಚ್ಚಿದ ಮೇಲೆ ನೋಡಬೇಕಾದ್ದು ಇವಿವು, ಅವುಗಳ ಖರ್ಚನ್ನು ಆಗ ತಿಳಿಸಿ, ನಿಮ್ಮ ಒಪ್ಪಿಗೆ ಪಡೆದೇ ಮುಂದುವರಿಯುತ್ತೇವೆ. ಇಂಥ ಪಟ್ಟಿಯನ್ನು ಸಾಫ್ಟ್‌ವೇರಿನಲ್ಲಿ ಬರೆಯಲು ಐದು ನಿಮಿಷ ಹೆಚ್ಚು ಹಿಡಿಯಬಹುದು. ಕಳಚಿದ ಹಳೆಯ ಭಾಗವನ್ನು ಗಾಡಿಯವನಿಗೆ ತೋರಿಸಲು ಇನ್ನೂ ಐದು ನಿಮಿಷ. ನಂಬಿಕೆಗೆ ಇದಕ್ಕಿಂತ ಅಗ್ಗದ ಬಂಡವಾಳವಿಲ್ಲ.

ಗಾಡಿಯವರಾದ ನಮಗೂ ಕರ್ತವ್ಯವಿದೆ. ಗ್ಯಾರೇಜಿನವನು ಪಟ್ಟಿ ಬರೆಯುತ್ತಿರುವಾಗ, “ಹೇಗೂ ಬಣ್ಣ ಹೊಡೆಯುತ್ತೀರಿ, ಆ ಹಳೇ ಗೀರನ್ನೂ ಇದರಲ್ಲೇ ಸೇರಿಸಿಬಿಡಿ” ಎಂದು ಪಿಸುಗುಟ್ಟುವವರು ಬಹುತೇಕ ನಾವೇ. ಪಕ್ಕದಲ್ಲಿ ನಿಂತ ಮಗ ಅದನ್ನು ಕೇಳಿಸಿಕೊಳ್ಳುತ್ತಾನೆ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸಿಕೊಡಬೇಕೆಂದು ನಾವು ಪಡುವ ಪಾಡು ಅಷ್ಟಿಷ್ಟಲ್ಲ. ಆ ಕನ್ನಡದಲ್ಲಿ ಅವರು ನಮ್ಮಿಂದ ಕೇಳುವ ಮಾತು ಯಾವುದು ಎಂಬುದನ್ನೂ ಯೋಚಿಸಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳಂತೆ. ಆ ಅಕ್ಕಿಗೆ ಯಜಮಾನರಾರೂ ಕಾವಲು ನಿಂತಿರಲಿಲ್ಲ. ತಂದದ್ದರಿಂದ ಯಾರ ಹೊಟ್ಟೆಗೂ ಕೊರತೆಯಾಗುತ್ತಿರಲಿಲ್ಲ. ಆದರೂ ಆಕೆ ಒಪ್ಪಲಿಲ್ಲ. ಯಾರಿಗೆ ನೋವಾಯಿತು ಎಂಬ ಪ್ರಶ್ನೆಯನ್ನೇ ಆಕೆ ಕೇಳಲಿಲ್ಲ. ನಮಗೆ ಸಲ್ಲುವುದು ಎಷ್ಟು ಎಂಬುದಷ್ಟೇ ಆಕೆಯ ಪ್ರಶ್ನೆ.

ಗ್ಯಾರೇಜು ನಡೆಸುವ ನಮ್ಮ ಬಂಧುಗಳು ದಿನಕ್ಕೆ ಹತ್ತು ಪಟ್ಟಿ ಬರೆಯುವಾಗ ತತ್ತ್ವಶಾಸ್ತ್ರ ನೆನೆಯುತ್ತ ಕೂರಲಾರರು. ಅವರಿಗೆ ಒಂದು ಸರಳ ಪರೀಕ್ಷೆ ಸಾಕು. ಒಂದೇ ಪಟ್ಟಿಯನ್ನು ಗಾಡಿಯವನಿಗೂ, ಸರ್ವೇಯರಿಗೂ, ಒಳಗೆ ಸುತ್ತಿಗೆ ಹಿಡಿದು ಕೆಲಸ ಮಾಡುವ ಹುಡುಗನಿಗೂ ಒಂದೂ ಸಾಲು ಬದಲಿಸದೆ ತೋರಿಸಲು ಸಾಧ್ಯವೇ? ಸಾಧ್ಯವಾದರೆ ಅದು ಅಂದಾಜು. ಆಮೇಲೆ ಖರ್ಚು ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಅಂದಾಜು ತಪ್ಪುವುದುಂಟು, ಮಾತು ತಪ್ಪಬಾರದು.