ಸೂರು ಕೊಟ್ಟ ಮೇಲೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಬೆಳೆಯುವವರು ಬೀಜವನ್ನು ನೇರವಾಗಿ ಹೊಲಕ್ಕೆ ಹಾಕುವುದು ಈಗ ಅಪರೂಪ. ಬೀಜ ಮೊದಲು ಪ್ಲಾಸ್ಟಿಕ್ ಟ್ರೇಯ ಗುಳಿಗೆ ಬೀಳುತ್ತದೆ. ಟ್ರೇಗೆ 98 ಗುಳಿ, ಗುಳಿ ತುಂಬ ತೆಂಗಿನ ನಾರಿನ ಪುಡಿ, ಅದರೊಳಗೆ ಒಂದೇ ಬೀಜ. ಮೇಲೆ ನೆರಳು ಪರದೆ, ಸುತ್ತ ಸಣ್ಣ ಕಣ್ಣಿನ ನೈಲಾನ್ ಬಲೆ. ಮೂರು-ನಾಲ್ಕು ವಾರ ಅಲ್ಲಿ ಕಳೆದ ಸಸಿ ಆಮೇಲೆ ಬಯಲಿಗೆ ನಾಟಿಯಾಗುತ್ತದೆ. ಅದೇ ಊರಿನ ಇನ್ನೊಂದು ಹೊಲದಲ್ಲಿ ಪಾಲಿಹೌಸ್ ಇರುತ್ತದೆ. ಅಲ್ಲಿನ ಕೆಂಪು, ಹಳದಿ ದೊಣ್ಣೆ ಮೆಣಸಿನಕಾಯಿ ಗಿಡ ಕೊನೆಯ ಕೊಯ್ಲಿನವರೆಗೂ ಸೂರಿನಡಿಯಲ್ಲೇ ಬಾಳುತ್ತದೆ. ಒಂದು ಸೂರು ಬಿಟ್ಟುಕೊಡುವುದಕ್ಕಾಗಿ ಇದೆ, ಇನ್ನೊಂದು ಬಿಡದೆ ಕಾಯುವುದಕ್ಕಾಗಿ. ಎರಡೂ ಆಸರೆಯೇ. ಆದರೆ ಆಸರೆ ಕೊಟ್ಟವನಿಂದ ಅವು ಕೇಳುವುದು ಬೇರೆ ಬೇರೆ.

ಬೀಜವನ್ನು ಮುಂಚಿತವಾಗಿ ಎಬ್ಬಿಸುವ ವಿದ್ಯೆ ನಮ್ಮ ರೈತರಿಗೆ ಹಳೆಯದು. ರಾಗಿಯ ಒಟ್ಲು ಬಿಟ್ಟು, ಮಳೆ ನೆಲೆನಿಂತ ಮೇಲೆ ಪೈರು ಕಿತ್ತು ನೆಡುವ ರೂಢಿ ಬಯಲುಸೀಮೆಯಲ್ಲಿದೆ. ಬದನೆ, ಮೆಣಸಿನ ಬೀಜಕ್ಕೆ ನೀರಿನ ಹತ್ತಿರ ಒಂದು ಮಡಿ ಮಾಡಿ, ಮೇಲೆ ಹುಲ್ಲು ಹೊದಿಸಿದರೆ ಆಯಿತು. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆ ಚಿಕ್ಕದು. ಬೆಚ್ಚಗಿನ ಗಾಜಿನ ಮನೆಯಲ್ಲಿ ಬೀಜವನ್ನು ಮೊದಲೇ ಮೊಳೆಸದಿದ್ದರೆ ಟೊಮೆಟೊ ಹಣ್ಣಾಗುವ ಮುನ್ನವೇ ಚಳಿ ಬಂದುಬಿಡಬಹುದು. ನಮ್ಮಲ್ಲಿ ಭಯ ಚಳಿಯದಲ್ಲ. ನಮ್ಮ ಸಸಿಗೆ ಎಳೆತನದಲ್ಲಿ ಎದುರಾಗುವುದು ಬಿರುಬಿಸಿಲು, ಬಡಿಯುವ ಮಳೆ, ಎಲ್ಲಕ್ಕಿಂತ ಹೆಚ್ಚಾಗಿ ಬಿಳಿನೊಣ. ಇದು ರಸ ಹೀರುತ್ತಲೇ ಎಲೆ ಮುದುಡು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುತ್ತದೆ. ಬಲಿತ ಗಿಡಕ್ಕೆ ರೋಗ ತಗುಲಿದರೆ ಒಂದಷ್ಟು ಕಾಯಾದರೂ ದಕ್ಕೀತು. ಎಳೆ ಸಸಿಗೆ ತಗುಲಿದರೆ ಗಿಡವೇ ಮುರುಟಿಕೊಳ್ಳುತ್ತದೆ. ತಗುಲಿದ ಮೇಲೆ ಮದ್ದಿಲ್ಲ, ತಡೆಯೊಂದೇ ದಾರಿ. ಮೊದಲ ಮೂರು ವಾರ ಬಲೆಯೊಳಗೆ ಕಳೆದರೆ ಮುಂದಿನ ಮೂರು-ನಾಲ್ಕು ತಿಂಗಳ ದುಡಿಮೆ ಉಳಿಯುವ ಭರವಸೆ ಹೆಚ್ಚುತ್ತದೆ.

ಆದರೆ ನೆರಳಲ್ಲೇ ಬೆಳೆದ ಸಸಿ ಒಮ್ಮೆಲೇ ಹೊಲದ ಬಿಸಿಲು ಕಂಡರೆ ಸೊರಗುತ್ತದೆ. ಅದಕ್ಕೇ ನರ್ಸರಿಯವರು ಕೊನೆಯ ದಿನಗಳಲ್ಲಿ ನೀರು ಕಡಿಮೆ ಮಾಡುತ್ತಾರೆ, ನೆರಳು ಪರದೆ ಸರಿಸುತ್ತಾರೆ. ಎಲೆಯ ಮೇಲಿನ ಮೇಣದ ಪದರ ದಪ್ಪವಾಗುತ್ತದೆ, ಕಾಂಡ ಗಡುಸಾಗುತ್ತದೆ. ಅಮೆರಿಕದ ಸಸ್ಯವಿಜ್ಞಾನಿ ಮಾರ್ಕ್ ಜಾಫೆ 1973ರಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಪ್ರಕಟಿಸಿದರು: ಕಾಂಡವನ್ನು ದಿನವೂ ಮೆಲ್ಲಗೆ ಉಜ್ಜಿದರೆ ಹಲವು ಜಾತಿಯ ಗಿಡಗಳು ಉದ್ದಕ್ಕೆ ಏಳುವುದು ಕಡಿಮೆಯಾಗುತ್ತದೆ. ಬಯಲಲ್ಲಿ ಗಾಳಿ ಮಾಡುವುದೂ ಇದನ್ನೇ. ಅಲುಗಿಸಿ ಅಲುಗಿಸಿ ಗಿಡವನ್ನು ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲಿಸುತ್ತದೆ. ಹಾಗಾದರೆ ಒಳ್ಳೆಯ ಆಸರೆ ಯಾವುದು? ಕಷ್ಟವನ್ನೆಲ್ಲ ಹೊರಗೇ ನಿಲ್ಲಿಸುವ ಆಸರೆಗಿಂತ, ತಾಳಿಕೊಳ್ಳಬಲ್ಲಷ್ಟನ್ನು ಅಳೆದು ಒಳಗೆ ಬಿಡುವ ಆಸರೆ ದೊಡ್ಡದು.

ಬಿಟ್ಟುಕೊಡುವುದಕ್ಕೂ ಒಂದು ಹೊತ್ತಿದೆ. ದರ ಕುಸಿದಿದೆ, ಮಳೆ ಬಂದಿಲ್ಲ, ಹೊಲ ಹದವಾಗಿಲ್ಲ ಎಂದು ನಾಟಿ ಮುಂದೆ ಹೋಗುವುದುಂಟು. ಟ್ರೇಯಲ್ಲಿ ಹಸಿರಾಗಿ ನಿಂತ ಸಸಿ ನೋಡುವವರಿಗೆ ಚೆನ್ನಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಒಳಗೆ ಬೇರು ಗುಳಿಯ ಗೋಡೆಗೆ ತಾಗಿ ಸುತ್ತಿಕೊಳ್ಳತೊಡಗಿರುತ್ತದೆ. ಹೀಗೆ ವಯಸ್ಸು ಮೀರಿದ ಸಸಿ ನೆಟ್ಟ ಮೇಲೆ ಬೇಗ ನೆಲ ಹಿಡಿಯುವುದಿಲ್ಲ. ನೀರು, ನೆರಳು, ಕಾವಲು ಯಾವುದಕ್ಕೂ ಕೊರತೆಯಾಗಿರಲಿಲ್ಲ. ಕೆಡುಕಾದದ್ದು ಗಡುವು ಮೀರಿದ್ದರಿಂದ.

ಪಾಲಿಹೌಸ್‌ನಲ್ಲಿ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ, ಅದಕ್ಕೇ ಅಲ್ಲಿ ಹೊಣೆ ಇನ್ನೂ ಭಾರ. ಪ್ಲಾಸ್ಟಿಕ್ ಹೊದಿಕೆಗೆ ಹಿತವನ್ನೂ ಅಹಿತವನ್ನೂ ಬೇರ್ಪಡಿಸಲು ಬಾರದು. ಆಲಿಕಲ್ಲನ್ನು ತಡೆಯುವ ಸೂರು ಮಳೆಯನ್ನೂ ತಡೆಯುತ್ತದೆ. ಬಿಳಿನೊಣಕ್ಕೆ ಅಡ್ಡ ನಿಂತ ಬಲೆ ಜೇನಿಗೂ, ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುವಿಗೂ ಅಡ್ಡ ನಿಲ್ಲುತ್ತದೆ. ಹೇಗೋ ನುಸುಳಿದ ಥ್ರಿಪ್ಸ್, ನುಸಿಗಳಿಗೆ ಒಳಗೆ ಶತ್ರುಗಳೇ ಇರುವುದಿಲ್ಲ. ಟೊಮೆಟೊ ಬೆಳೆದರೆ ಗಾಳಿ ಮಾಡಬೇಕಿದ್ದ ಕೆಲಸವನ್ನು ಕೈ ಮಾಡಬೇಕು: ಪರಾಗ ಉದುರುವಂತೆ ಹೂಗೊಂಚಲನ್ನು ಅಲುಗಿಸಬೇಕು. ಮಳೆ ತೊಳೆಯದ ಮಣ್ಣಿನಲ್ಲಿ ಹನಿ ನೀರಿನೊಡನೆ ಕೊಟ್ಟ ಗೊಬ್ಬರದ ಲವಣ ಉಳಿಯುತ್ತ ಹೋಗುತ್ತದೆ. ಬೆಳೆ ಬದಲಿಸದೆ ಬೆಳೆದರೆ ಬೇರಿಗೆ ಗಂಟು ಕಟ್ಟಿಸುವ ಜಂತು ಹುಳು ಹೆಚ್ಚುತ್ತದೆ. ಕಡುಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು ಮೋಟಾರು ನಿಂತರೆ, ಗಿಡಕ್ಕೆ ಮೋಡದ ಕಡೆ ನೋಡುವ ದಾರಿಯೂ ಇಲ್ಲ.

ನೀರಿನ ಲೆಕ್ಕವೊಂದನ್ನೇ ನೋಡಿ. ಹತ್ತು ಗುಂಟೆಯ ಪಾಲಿಹೌಸ್ ಎಂದರೆ ಸುಮಾರು 1,000 ಚದರ ಮೀಟರ್ ಚಾವಣಿ. ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಆ ಚಾವಣಿಯ ಮೇಲೆ ಬೀಳುವ ನೀರು 7 ಲಕ್ಷ ಲೀಟರ್. ಚಾವಣಿ ಹಾಕಿದವನು ಅಷ್ಟು ನೀರನ್ನು ಆ ನೆಲಕ್ಕೆ ಸಿಗದಂತೆ ಮಾಡಿದ್ದಾನೆ. ಅದನ್ನು ಕೃಷಿ ಹೊಂಡಕ್ಕೆ ಇಳಿಸಿ ಮತ್ತೆ ಗಿಡಕ್ಕೆ ಉಣಿಸಿದರೆ ತೆಗೆದುಕೊಂಡದ್ದನ್ನು ಹಿಂದಿರುಗಿಸಿದ ಹಾಗೆ. ಹರಿದುಹೋಗಲು ಬಿಟ್ಟು, ಆಳದ ಕೊಳವೆಬಾವಿಯಿಂದ ನೀರೆತ್ತಿದರೆ ಅದು ನೆಲಕ್ಕೆ ಮಾಡಿದ ಅನ್ಯಾಯ. ಸೂರು ಹಾಕುವುದೆಂದರೆ ಮಳೆ, ಗಾಳಿ, ಹುಳುಹುಪ್ಪಟೆ ಪುಕ್ಕಟೆಯಾಗಿ ಮಾಡುತ್ತಿದ್ದ ಅಷ್ಟೂ ಕೆಲಸವನ್ನು ನಮ್ಮ ಹೆಗಲಿಗೆ ಹಾಕಿಕೊಳ್ಳುವುದು.

ಮನುಷ್ಯರ ನಡುವೆಯೂ ಈ ಎರಡು ಸೂರುಗಳಿವೆ. ಬೆಳೆಯುವ ಮಕ್ಕಳಿಗೆ ಬೇಕಾದದ್ದು ಟ್ರೇಯ ಸೂರು: ಗಡುವಿರುವ, ಕೊನೆಗೆ ಪರದೆ ಸರಿಸುವ ಆಸರೆ. ಇಳಿವಯಸ್ಸಿನವರಿಗೆ, ಹಾಸಿಗೆ ಹಿಡಿದವರಿಗೆ ಬೇಕಾದದ್ದು ಪಾಲಿಹೌಸ್‌ನ ಸೂರು: ಒಂದು ದಿನವೂ ತಪ್ಪದ ಆಸರೆ. ನಾವು ಇವೆರಡನ್ನೂ ಅದಲುಬದಲು ಮಾಡಿಕೊಂಡಿದ್ದೇವೆ. ಇಪ್ಪತ್ತೈದು ತುಂಬಿದ ಮಕ್ಕಳ ಓದು, ಕೆಲಸ, ಮದುವೆಯನ್ನು ನಾವೇ ತೀರ್ಮಾನಿಸುತ್ತೇವೆ. ಊರಲ್ಲಿದ್ದ ತಾಯಿತಂದೆಯರನ್ನು ಮಾತ್ರ ಜಗಲಿಯ ಹರಟೆಯಿಂದ, ಹಿತ್ತಿಲ ಕೆಲಸದಿಂದ, ಹೊತ್ತುಹೊತ್ತಿಗೆ ಬಂದು ವಿಚಾರಿಸುವ ನೆರೆಯವರಿಂದ ಬಿಡಿಸಿ, ನಗರದ ಫ್ಲ್ಯಾಟಿಗೆ ಕರೆತಂದು, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋಗುತ್ತೇವೆ. ಅವರಿಗೆ ಅಪಾಯ ತಪ್ಪಿಸಿದ್ದು ನಿಜ. ಜೊತೆಗೆ ಏನೇನು ತಪ್ಪಿಸಿದೆವು, ಅದಕ್ಕೆ ಬದಲಾಗಿ ಏನು ಕೊಟ್ಟೆವು ಎಂಬ ಲೆಕ್ಕ ಹಾಕುವುದಿಲ್ಲ.

ಯಾರಿಗಾದರೂ, ಯಾವುದಕ್ಕಾದರೂ ಸೂರು ಕೊಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದು ಹೊರಗೆ ಹೋಗಬೇಕಾದ ಜೀವವೇ? ಹಾಗಿದ್ದರೆ ಕಳಿಸುವ ದಿನವನ್ನು ಮೊದಲೇ ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಬೆಳೆಸಬೇಕು. ಇಲ್ಲೇ ಉಳಿಯಬೇಕಾದ ಜೀವವೇ? ಹಾಗಿದ್ದರೆ ಸೂರು ತಡೆದದ್ದನ್ನೆಲ್ಲ ದಿನವೂ ಒಳಗೆ ತಂದುಕೊಡುವ ಶಕ್ತಿ ನಮಗಿರಬೇಕು. ಎರಡಕ್ಕೂ ಸಿದ್ಧವಿಲ್ಲದವನು ಕಟ್ಟುವ ಸೂರು ಆಸರೆಯಾಗುವುದಿಲ್ಲ.