ಕತ್ತಲೆಗೆ ಎರಡು ಅರ್ಥ

ಹುಡಗಿಯ ನನ್ನ ತವರುಮನೆಯಲ್ಲಿ ಅವ್ವ ಬಾವಿಯಿಂದ ಸೇದಿದ ನೀರನ್ನು ಗಿಲಾಸಿಗೆ ಹಾಕಿ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. “ತಿಳಿ ಅದ, ಕುಡೀರಿ” ಅಂದರೆ ಮುಗಿಯಿತು. ತೊಗರಿಗೆ ಔಷಧ ಹೊಡೆದ ಪಂಪನ್ನು ಅದೇ ಬಾವಿಯ ಕಟ್ಟೆಯ ಮೇಲೆ ತೊಳೆಯುತ್ತಿದ್ದರು. (ಹುಳ ಕೊಲ್ಲುವ ವಿಷಕ್ಕೆ ನಾವು ಔಷಧವೆಂದೇ ಹೆಸರಿಟ್ಟಿದ್ದೇವೆ, ನೋಡಿ!) ನೀರು ಮಾತ್ರ ಯಾವಾಗಲೂ ತಿಳಿಯಾಗಿಯೇ ಇರುತ್ತಿತ್ತು.

ಕಲಬುರಗಿಯಲ್ಲಿ ವಿಜ್ಞಾನ ಓದುವ ತಂಗಿಯ ಮಗಳು ದೀಪಾವಳಿಗೆ ಬಂದಾಗ ಪೆಟ್ಟು ತಿಂದರೆ ಬೆಳಗುವ ಬ್ಯಾಕ್ಟೀರಿಯಾದ ಕಥೆ ಹೇಳಿದಳು. ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿ ಅದು. ಅದರ ಡಿ.ಎನ್.ಎ.ಗೆ ಗಾಯವಾದರೆ ರೆಕ್‌ಎ ಎಂಬ ಪ್ರೋಟೀನು ಎಚ್ಚೆತ್ತು, ದುರಸ್ತಿ ಮಾಡುವ ಜೀನುಗಳ ಬೀಗ ತೆಗೆಸುತ್ತದೆಯಂತೆ. ಮುಳುಗುವ ಹಡಗಿನ ಕೂಗಿನ ಹೆಸರನ್ನೇ ಇದಕ್ಕಿಟ್ಟಿದ್ದಾರೆ: ಎಸ್.ಓ.ಎಸ್. ಆ ಕೂಗಿಗೆ ಸಮುದ್ರದ ಹೊಳೆಯುವ ಬ್ಯಾಕ್ಟೀರಿಯಾದ ಬೆಳಕಿನ ಜೀನುಗಳನ್ನು ಜೋಡಿಸಿದರೆ ಗಾಯವೇ ದೀಪವಾಗುತ್ತದೆ. 1997ರಲ್ಲಿ ಅಮೆರಿಕದಿಂದ ಇಂಥ ಪ್ರಯೋಗದ ವರದಿ ಬಂತು. ಬೆಳಕು ಮಂದ, ಅಳೆಯಲು ಯಂತ್ರ ಬೇಕು.

“ಹಂಗಾರ ವಿಷ ಭಾಳ ಇದ್ರ ಭಾಳ ಬೆಳಗ್ತದೇನು?” ಅಂದೆ.

“ಇಲ್ಲ ದೊಡ್ಡವ್ವ, ಸತ್ತೇ ಹೋಗ್ತದ. ಸತ್ತದ್ದು ಬೆಳಗಂಗಿಲ್ಲ.”

ಅಂದರೆ ಒಳ್ಳೆಯ ನೀರಿನಲ್ಲೂ ಕತ್ತಲೆ, ಘೋರ ವಿಷದಲ್ಲೂ ಕತ್ತಲೆ! ಅದಕ್ಕೇ ನೀರನ್ನು ತೆಳುಮಾಡಿ ಮತ್ತೆ ಮತ್ತೆ ನೋಡುತ್ತಾರೆ. ಸದಾ ಬೆಳಗುವ ಇನ್ನೊಂದು ಬ್ಯಾಕ್ಟೀರಿಯಾವನ್ನೂ ಜೊತೆಗಿಡುತ್ತಾರೆ. ಅದು ಮಂಕಾದರೆ ಸಾವಿನ ಸುಳಿವು. ಡಿ.ಎನ್.ಎ. ಮುಟ್ಟದೆ ಬೇರೆ ದಾರಿಯಲ್ಲಿ ಕೆಡುಕು ಮಾಡುವ ವಿಷವನ್ನು ಈ ದೀಪ ಹಿಡಿಯಲಾರದು ಎಂಬುದೂ ಇದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. “ಆ ಮನಿ ಸೊಸಿ ಸುಮ್ಮ ಅದಾಳ, ಸುಖದಾಗ ಅದಾಳ” ಎಂದು ನಾವೇ ಎಷ್ಟು ಸಲ ಅಂದಿಲ್ಲ? ಸುಮ್ಮನಿದ್ದವಳ ಪಕ್ಕ ಇನ್ನೊಂದು ದೀಪ ಇಟ್ಟು ಯಾರು ನೋಡಿದ್ದೇವೆ?

ಒಂದು ಜೀವವನ್ನು ಗಾಯಗೊಳ್ಳಲೆಂದೇ ಮಾಡುವುದು ಸರಿಯೇ ಎಂಬ ಪ್ರಶ್ನೆಯೂ ಬಂತು. ಹಾಲು ಕಾಯಿಸುವಾಗ ಲಕ್ಷಗಟ್ಟಲೆ ಕೊಲ್ಲುವವಳು ನಾನು; ಬ್ಯಾಕ್ಟೀರಿಯಾಕ್ಕಾಗಿ ಅಳಲಾರೆ. ಆದರೆ ಈ ದೀಪವಿಲ್ಲದಾಗ ಆ ಕೆಲಸ ಯಾರು ಮಾಡಿದರು? ಕಾಸರಗೋಡಿನ ಕನ್ನಡ ಊರು ಪಡ್ರೆಯ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಅದು ಯಾವ ದಾರಿಯಿಂದ ಕೆಡುಕು ಮಾಡಿತೆಂಬ ವಾದ ವಿಜ್ಞಾನಿಗಳಿಗಿರಲಿ. ಮೊದಲು ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಅದನ್ನು ಬರೆದರು. ಸಿಂಪಡಣೆ ನಿಂತದ್ದು 2000ದಲ್ಲಿ. ದೇಶದಲ್ಲೆಲ್ಲ ನಿಲ್ಲಿಸಿರೆಂದು ಸುಪ್ರೀಂ ಕೋರ್ಟು ಹೇಳಿದ್ದು 2011ರಲ್ಲಿ. ನಡುವಿನ ವರುಷಗಳಲ್ಲಿ ಆ ಊರುಗಳ ತಾಯಂದಿರು ಎತ್ತಿಕೊಂಡ ಮಕ್ಕಳ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ದೀಪ ಹತ್ತಿತ್ತು. ನೋಡಿದವರೂ ಇದ್ದರು. ಕೇಳಬೇಕಾದವರು, ‘ಇನ್ನೂ ಸ್ವಲ್ಪ ಪುರಾವೆ ಬರಲಿ’ ಎಂದರು.

ಬೆಳಗಾಗುತ್ತಲೇ ತಮ್ಮನಿಗೆ ಫೋನು ಮಾಡಿ, ಪಂಪು ಈಗಲೂ ಬಾವಿಕಟ್ಟೆಯ ಮೇಲೇ ತೊಳೆಯುತ್ತೀಯಾ ಎಂದು ಕೇಳಿದೆ.

“ಯಾಕಕ್ಕಾ,” ಎಂದ ಅವನು, “ಇಲ್ಲೀತನಾ ಯಾರಿಗೂ ಏನೂ ಆಗಿಲ್ಲಲ್ಲ?”